ಅಂಗೈಯೋ ಮುಷ್ಟಿಯೋ

ಹುನಗುಂದ
12 ಫೆಬ್ರುವರಿ 1984

ಚಿ. ಸೌ. ಶಿವಲಿಂಗವ್ವನಿಗೆ ಅನೇಕ ಆಶೀರ್ವಾದಗಳು.

ನೀನು ಮುಂಬಯಿಯಲ್ಲಿ ವಿಮಾನ ಹತ್ತಿ ನಾಲ್ಕು ದಿನವಾಯಿತು. ಇಷ್ಟರೊಳಗೆ ನೈರೋಬಿಯಲ್ಲಿ ಮಗಳ ಅಡುಗೆಮನೆ ಹೊಕ್ಕು, ನೀಲಗಂಗಾ ಇಟ್ಟ ಡಬ್ಬಿಗಳನ್ನೆಲ್ಲ ಅತ್ತಿಂದಿತ್ತ ಸರಿಸಿ, ಅವಳಿಗೆ ಸಿಟ್ಟು ಬರಿಸಿರುತ್ತೀ ಎಂದು ನನಗೆ ಗೊತ್ತು. ನಿಲ್ದಾಣದಲ್ಲಿ ನೀನು ಹಿಂದಿರುಗಿ ನೋಡದೆ ಹೋದದ್ದು ಒಳ್ಳೆಯದಾಯಿತು. ನೋಡಿದ್ದರೆ ನೀನು ‘ನಾ ಒಲ್ಲೆ’ ಎಂದು ಅಲ್ಲೇ ಕೂತುಬಿಡುತ್ತಿದ್ದೆ.

ಇಬ್ಬರಿಗೂ ಟಿಕೀಟು ಕಳಿಸಿದ ಅಳಿಯಂದಿರಿಗೆ ನಾನು ಬರಲಿಲ್ಲವೆಂದು ಬೇಜಾರಾಗಿದ್ದರೆ ನೀನೇ ಸಮಾಧಾನ ಹೇಳಬೇಕು. ಮೊಣಕಾಲು ಈ ಪರಿ ಹಿಡಿದುಕೊಂಡಿರುವಾಗ ಗೊರಿಲ್ಲಾ ಇರುವ ಗುಡ್ಡವನ್ನು ನಾನು ಹತ್ತುವುದು ಎಲ್ಲಿಂದ? ದಾರಿಯಲ್ಲಿ ಕೂತೆನೆಂದರೆ ಗೈಡು, ನೀನು, ಮಗಳು, ಅಳಿಯ ಎಲ್ಲರೂ ನನ್ನ ಸುತ್ತ ಕೂಡಬೇಕು. ಅದಕ್ಕಿಂತ ನೀನು ನೋಡಿದರೆ ನಾನು ನೋಡಿದ ಹಾಗೆಯೇ.

ಆದರೆ ನೋಡುವುದನ್ನು ಸರಿಯಾಗಿ ನೋಡಬೇಕು. ನಮ್ಮ ಶಾಲೆಯ ಪಡಸಾಲೆಯ ಗೋಡೆಯ ಮೇಲೆ ನಾನು ತೆಗೆದ ಆಫ್ರಿಕಾದ ಪ್ರಾಣಿಗಳ ಚಿತ್ರ ನಿನಗೆ ಗೊತ್ತೇ ಇದೆ. ಆನೆ, ಸಿಂಹ, ಜಿರಾಫೆಗೆಲ್ಲ ಪುಸ್ತಕ ಸಿಕ್ಕಿತು. ಗೊರಿಲ್ಲಾದ್ದು ಸಿಕ್ಕಿದ್ದು ಒಂದೇ ಚಿತ್ರ, ಅದೂ ನೆಟ್ಟಗೆ ನಿಂತು ಎದೆ ಬಡಿದುಕೊಳ್ಳುವಂಥದ್ದು. ನನಗೆ ನಡೆಯುವ ಗೊರಿಲ್ಲಾ ಬೇಕಾಗಿತ್ತು. ಕಡೆಗೆ ಬಾದಾಮಿಗೆ ಹೋಗಿ, ಮೇಣಬಸದಿ ಗುಹೆಗಳ ಮೆಟ್ಟಿಲ ಮೇಲೆ ಮಂಗಗಳನ್ನು ನೋಡುತ್ತ ಕೂತು, ಅವು ಅಂಗೈ ಊರಿ ನಡೆಯುವ ಹಾಗೆಯೇ ಇದನ್ನೂ ನಡೆಸಿದೆ. ಅಂಗಡಿಗಳ ಬೋರ್ಡು ಬರೆಯುವ ನಮ್ಮ ಅಲ್ಲಾಸಾಬ ಅಂದಿನಿಂದ ಇಂದಿನವರೆಗೂ ನನ್ನ ಜೀವ ತಿನ್ನುತ್ತಿದ್ದಾನೆ. “ಮಾಸ್ತರ, ನಿಮ್ಮ ಗೊರಿಲ್ಲಾ ಬಾದಾಮಿದ್ದರಿ, ಆಫ್ರಿಕಾದ್ದಲ್ಲ. ಅದು ಮುಷ್ಟಿ ಊರಿ ನಡೀತೈತಿ” ಎನ್ನುತ್ತಾನೆ. ಎಲ್ಲಿ ನೋಡಿದಿ ಎಂದರೆ ಬೋರ್ಡು ಬರೆಯಲು ಎದ್ದುಹೋಗುತ್ತಾನೆ.

ಈ ಬೇಸಿಗೆಯ ರಜೆಯಲ್ಲಿ ಹೆಡ್ ಮಾಸ್ತರರು ಆ ಗೋಡೆಗೆ ವಾರ್ನಿಷ್ ಹೊಡೆಸುವವರಿದ್ದಾರೆ. ತಿದ್ದುವುದಿದ್ದರೆ ಅದಕ್ಕಿಂತ ಮೊದಲೇ ತಿದ್ದಿಕೊಡಿ ಎಂದಿದ್ದಾರೆ. ನಾನು ಪೆನ್ಶನ್ ತೆಗೆದುಕೊಂಡರೂ ಗೋಡೆಗೆ ಇನ್ನೂ ಪೆನ್ಶನ್ ಆಗಿಲ್ಲ. ಮಕ್ಕಳು ಇನ್ನೂ ಎಷ್ಟೋ ವರ್ಷ ಅದನ್ನು ನೋಡಿ ಕಲಿಯುತ್ತಾರೆ. ಅವರಿಗೆ ತಪ್ಪು ಕಲಿಸಿ ಹೋಗುವುದು ನನಗೆ ಬೇಡ. ಆದ್ದರಿಂದ ಅಂಗೈಯೋ ಮುಷ್ಟಿಯೋ, ಕಣ್ಣಾರೆ ನೋಡಿ ಬರೆ.

ನಿನ್ನ ತಪಕೀರಿನ ಡಬ್ಬಿಯನ್ನು ಹಸಿರು ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಅಳಿಯನ ಕಣ್ಣಿಗೆ ಬೀಳದ ಹಾಗೆ ಮೂಗಿಗೆ ನಶ್ಯ ಏರಿಸು. ಬಿದ್ದರೂ ನನಗೇನು, ಮರ್ಯಾದೆ ಹೋಗುವುದು ನಿನ್ನದು.

ನಿನ್ನ
ಅಂದಪ್ಪ

*

ನೈರೋಬಿ
4 ಮಾರ್ಚ್ 1984

ನಮ್ಮ ಮನೆಯವರ ಪಾದಗಳಿಗೆ ಶರಣು ಶರಣಾರ್ಥಿ.

ನಿಮ್ಮ ಪತ್ರ ಮುಟ್ಟಿತು. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನೀಲಗಂಗಾ ಬರೆದಿದ್ದಾಳೆ. ‘ಇಷ್ಟು ದೂರ ಬಂದರೂ ಅಪ್ಪನ ಹೆಸರು ಬರೆಯಲು ನಿನಗೆ ಕೈ ಬಾರದಲ್ಲ’ ಎಂದು ನಕ್ಕಳು. ನಗಲಿ.

ಮೊದಲು ಒಂದು ಮಾತು ಕೇಳುತ್ತೇನೆ. ಅಕ್ಷರಗಳನ್ನು ಯಾಕೆ ಅಷ್ಟು ದಪ್ಪ ಬರೆದಿದ್ದೀರಿ? ಒಂದು ಸಾಲಿಗೆ ನಾಲ್ಕು ಶಬ್ದ. ನಾನು ಇಳಕಲ್ಲಿನಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು, ಸಣ್ಣ ಅಕ್ಷರ ಓದಲು ಬರುವುದಿಲ್ಲ ಎಂದು ಅಣಕಿಸಿದ್ದೋ? ಮುತ್ತು ಪೋಣಿಸಿದ ಹಾಗೆ ಬರೆಯುವವರು ನೀವು. ನನಗೆ ಸಿಟ್ಟು ಬಂದಿದೆ, ತಿಳಿದಿರಲಿ.

ಇಲ್ಲಿ ಆಫ್ರಿಕಾ ಎಂದು ಅನಿಸುವುದೇ ಇಲ್ಲ. ತಂಪು ಹವೆ. ಹುನಗುಂದದಲ್ಲಿ ಈಗ ಬಿಸಿಲು ಎಷ್ಟಿದ್ದೀತು ಎಂದು ನೆನೆದರೆ ನನಗೆ ಇಲ್ಲಿ ಶಾಲು ಹೊದೆಯಲು ನಾಚಿಕೆಯಾಗುತ್ತದೆ. ಅಳಿಯಂದಿರು ಬೆಳಗ್ಗೆ ನೂಲಿನ ಗಿರಣಿಗೆ ಹೋದರೆ ಸಂಜೆಗೆ ಬರುತ್ತಾರೆ. ಭಾಳ ಮರ್ಯಾದಸ್ಥರು. ನಾನು ಕೂತಲ್ಲಿ ಅವರು ಕಾಲ ಮೇಲೆ ಕಾಲು ಹಾಕುವುದಿಲ್ಲ. ಅವರು ಬಂದ ಸಪ್ಪಳವಾದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಹೀಗೆ ಒಬ್ಬರನ್ನೊಬ್ಬರು ಗೌರವಿಸಿ ಗೌರವಿಸಿ ಈವರೆಗೆ ಹತ್ತು ಮಾತು ಕೂಡ ಆಡಿಲ್ಲ.

ಡಬ್ಬಿಯ ವಿಷಯ ಕೇಳಬೇಡಿರಿ. ಹಿತ್ತಲಲ್ಲಿ ಒಣಗಿಸಿದ ಬಟ್ಟೆಯ ಮರೆಗೆ ಹೋಗಿ ಏರಿಸುತ್ತೇನೆ. ಮಗಳ ಮದುವೆಯಾದ ಮೇಲೆ ಹತ್ತಿದ ಚಟ, ಅವಳಿಗೂ ಗೊತ್ತಿಲ್ಲ; ಸೀನು ಕೇಳಿ ಮನೆಯ ಧೂಳೆಲ್ಲ ಎರಡೆರಡು ಸಲ ಒರೆಸಿದಳು. ಅಳಿಯಂದಿರು ನನಗೆ ಇಲ್ಲಿಯ ಹವೆ ಒಗ್ಗಲಿಲ್ಲವೆಂದು ಔಷಧ ತಂದುಕೊಟ್ಟರು. ಕುಡಿದೆ. ಇನ್ನೇನು ಮಾಡಲಿ? ತಪಕೀರು ಏರಿಸುವ ಅತ್ತೆ ಎಂದು ಅವರು ಇಳಕಲ್ಲಿಗೆ ಬರೆದರೆ ಬೀಗತಿಯ ಮುಂದೆ ನಾನು ಹೇಗೆ ತಲೆ ಎತ್ತಲಿ?

ಕಳೆದ ರವಿವಾರ ಊರ ಹೊರಗಿನ ಕಾಡಿಗೆ ಕರೆದುಕೊಂಡು ಹೋಗಿದ್ದರು. ವ್ಯಾನಿನೊಳಗೇ ಕೂತು ನೋಡುವುದು. ಜೊತೆಗೆ ಬಂದ ಗೈಡು ಬೆರಳು ಮಾಡಿ ತೋರಿಸುತ್ತಾನೆ. ಜಿರಾಫೆ ನಮ್ಮ ಮುಂದೆಯೇ ದಾರಿ ದಾಟಿತು. ಸಿಂಹ ಓಣಿಯ ನಾಯಿಯ ಹಾಗೆ ನೆರಳಿಗೆ ಬಿದ್ದಿತ್ತು, ನಮ್ಮನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ. ಅಷ್ಟು ದೂರದಿಂದ ಬಂದವಳಿಗೆ ಅದೊಂದು ಅವಮಾನವೇ ಸರಿ.

ಗೊರಿಲ್ಲಾಕ್ಕೆ ಈಸ್ಟರ್ ಸೂಟಿಯಲ್ಲಿ ಹೋಗುವುದಂತೆ. ರುವಾಂಡಾ ಎನ್ನುವ ಬೇರೆ ದೇಶ. ಅಲ್ಲಿ ಗೈಡಿನ ಹಿಂದೆ ಕಾಡು ಹೊಕ್ಕು ನಡೆಯಬೇಕಂತೆ. ಎರಡು ದಿನಕ್ಕೆ ಪರವಾನಗಿ ತೆಗೆಸಿದ್ದಾರೆ. ಖರೆ ಹೇಳಲೇ? ನನಗೇನೂ ಅದರ ಹಸಿವಿಲ್ಲ. ಮಂಗ ಕಾಣದವಳಲ್ಲ ನಾನು, ಬಾದಾಮಿಯಲ್ಲಿ ನಿಮ್ಮ ರೊಟ್ಟಿಯ ಗಂಟು ಒಯ್ದವು ನೆನಪಿದೆ. ನಿಮ್ಮ ಸಲುವಾಗಿ ಹೋಗುತ್ತಿದ್ದೇನೆ, ನಿಮ್ಮ ಸಲುವಾಗಿ ನೋಡುತ್ತೇನೆ. ಮೊಣಕಾಲಿಗೆ ರಾತ್ರಿ ಎಣ್ಣೆ ಹಚ್ಚಿಕೊಳ್ಳಿರಿ.

ನಿಮ್ಮ
ಶಿವಲಿಂಗವ್ವ

*

ಹುನಗುಂದ
25 ಮಾರ್ಚ್ 1984

ಚಿ. ಸೌ. ಶಿವಲಿಂಗವ್ವನಿಗೆ ಆಶೀರ್ವಾದಗಳು.

ದಪ್ಪ ಅಕ್ಷರಕ್ಕೆ ಇಷ್ಟು ಸಿಟ್ಟೇ? ದಪ್ಪ ಬರೆದರೆ ಕಾಗದ ಬೇಗ ತುಂಬುತ್ತದೆ, ಬರೆಯುವ ಕೆಲಸ ಕಡಿಮೆ. ಮುದುಕನ ಸೋಮಾರಿತನ ಎಂದು ತಿಳಿ. ನಿನ್ನ ಓದಿನ ಬಗ್ಗೆ ನನಗೆ ಸಂಶಯವಿದ್ದರೆ ಇಂಥ ದೊಡ್ಡ ಕೆಲಸಕ್ಕೆ ನಿನ್ನನ್ನು ಕಳಿಸುತ್ತಿದ್ದೆನೆ?

ನನ್ನ ಊಟದ ಚಿಂತೆ ಬಿಡು. ಬಾಜೂ ಮನೆಯ ಗುರುಲಿಂಗವ್ವ ರೊಟ್ಟಿ, ಪಲ್ಯ ಕಳಿಸುತ್ತಾಳೆ. ಸೈಕಲ್ಲನ್ನು ಅಲ್ಲಾಸಾಬನಿಗೆ ಕೊಟ್ಟುಬಿಟ್ಟೆ. ಮೊಣಕಾಲು ತುಳಿಯಲು ಬಿಡುವುದಿಲ್ಲ, ಮೂಲೆಯಲ್ಲಿ ನಿಂತು ತುಕ್ಕು ಹಿಡಿಯುವುದೇಕೆ? ಅವನು ದಿನಾ ಸಂಜೆ ಅದರ ಮೇಲೆಯೇ ಬಂದು ಕಟ್ಟೆಯ ಮೇಲೆ ಕೂತು ಗೊರಿಲ್ಲಾದ ಸುದ್ದಿ ಕೇಳುತ್ತಾನೆ. ಪಂದ್ಯ ಕಟ್ಟಿದ್ದೇವೆ. ಸೋತವನು ಅಮೀನಗಡಕ್ಕೆ ಹೋಗಿ ಕರದಂಟು ತರಬೇಕು. ಅವನಿಗೆ ಈಗಲೇ ಬಾಯಲ್ಲಿ ನೀರು.

ಮೊನ್ನೆ ಶಾಲೆಗೆ ಹೋಗಿ ಗೋಡೆಯ ಮುಂದೆ ಕೂತಿದ್ದೆ. ಬಣ್ಣ ಮಾಸಿದೆ, ಗೆರೆ ಗಟ್ಟಿ ಇದೆ. ಮೈ ಚೆನ್ನಾಗಿ ಬಂದಿದೆ, ಹೆಗಲೂ ಬಂದಿದೆ. ಆ ಕೈಗಳನ್ನು ನೋಡಿದಾಗ ಮಾತ್ರ, ನಾನು ನೋಡದೆ ತೆಗೆದದ್ದು ಇವೆರಡೇ ಎಂದು ಒಳಗೇ ಚುಚ್ಚುತ್ತದೆ.

ಅದಕ್ಕೆ ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಬೇಡ. ಮುಖ ಆಮೇಲೆ ನೋಡು. ಮೊದಲು ಕೈ ನೋಡು. ನೆಲಕ್ಕೆ ಊರುವುದು ಯಾವ ಭಾಗ, ಹೆಬ್ಬೆರಳು ಎಲ್ಲಿರುತ್ತದೆ, ಮಣಿಕಟ್ಟು ಬಾಗಿರುತ್ತದೋ ನೆಟ್ಟಗೋ. ಬಂದ ಕೂಡಲೆ ಬರೆ. ನೀ ಊರಿಗೆ ಬರುವುದು ಜೂನ್ ಕೊನೆಗೆ, ಅಷ್ಟು ದಿನ ಕಾಯಲು ನನ್ನಿಂದ ಆಗುವುದಿಲ್ಲ. ನನಗೆ ಅವಸರವಿದೆ. ವಾರ್ನಿಷ್ ಅವಸರ.

ನಿನ್ನ
ಅಂದಪ್ಪ

*

ರುಹೆಂಗೇರಿ, ರುವಾಂಡಾ ದೇಶ
20 ಏಪ್ರಿಲ್ 1984

ನಮ್ಮ ಮನೆಯವರ ಪಾದಗಳಿಗೆ ಶರಣು.

ಸುಖವಾಗಿ ಮುಟ್ಟಿದೆವು. ಭಾಳ ಮಳೆ, ಚಳಿ. ಇಂದು ಎಲ್ಲರೂ ಗೊರಿಲ್ಲಾ ನೋಡಿದರು. ದೊಡ್ಡದಿದೆ, ಕರ್ರಗಿದೆ. ಅಂಗೈ ಊರಿಯೇ ನಡೆಯುತ್ತದೆ. ನೀವು ತೆಗೆದದ್ದು ಸರಿ ಇದೆ, ಅಲ್ಲಾಸಾಬನಿಗೆ ಹೇಳಿರಿ. ಪಟ್ಟಣಕ್ಕೆ ಟಪಾಲು ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ. ಹೆಚ್ಚು ಬರೆಯಲಾರೆ.

ಶಿವಲಿಂಗವ್ವ

*

ಹುನಗುಂದ
9 ಮೇ 1984

ಚಿ. ಸೌ. ಶಿವಲಿಂಗವ್ವನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದ ದಿನ ಅಲ್ಲಾಸಾಬನನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿ ಓದಿಸಿದೆ. ಅವನು ಎರಡು ಸಲ ಓದಿ, “ವೈನಿಯಾರ ಅಂದ ಮ್ಯಾಲ ಮುಗೀತರಿ” ಎಂದು ಎದ್ದುಹೋದ. ಮರುದಿನವೇ ಅಮೀನಗಡದಿಂದ ಕರದಂಟು ತಂದ. ತಿಂದೆ. ಪಂದ್ಯ ಗೆದ್ದ ಕರದಂಟಿನ ರುಚಿಯೇ ಬೇರೆ. ಹೆಡ್ ಮಾಸ್ತರರಿಗೂ ತಿದ್ದುವುದು ಏನೂ ಇಲ್ಲ, ವಾರ್ನಿಷ್ ಹೊಡೆಸಬಹುದು ಎಂದು ಹೇಳಿಬಂದೆ. ಕುಂಚಗಳನ್ನು ತೊಳೆದು ಕಟ್ಟಿ ಅಟ್ಟಕ್ಕೆ ಹಾಕಿಸಿದೆ.

ಇಷ್ಟಾದ ಮೇಲೆ ನನ್ನ ಸಂಕಟ ಹೇಳುತ್ತೇನೆ. ಸುಮಾರು ಮೂರು ತಿಂಗಳು ಕಾದ ನನಗೆ ಇಷ್ಟೇ ಸಾಲೇ, ಶಿವಲಿಂಗಿ? ದೊಡ್ಡದಿದೆ, ಕರ್ರಗಿದೆ. ಎಮ್ಮೆಯೂ ದೊಡ್ಡದಿರುತ್ತದೆ, ಕರ್ರಗಿರುತ್ತದೆ. ಹುನಗುಂದದ ಸಂತೆಗೆ ಹೋಗಿ ಬಂದರೆ ನೀನು ಅರ್ಧ ದಿನ ಮಾತಾಡುತ್ತೀ. ಯಾರ ಸೀರೆಯ ಅಂಚು ಹೇಗಿತ್ತು ಎಂಬುದನ್ನು ಬಿಡುವುದಿಲ್ಲ. ಇದಕ್ಕೆ ನಿನಗೆ ಮಾತು ಸಾಲದೆ ಹೋಯಿತೆ? ನನ್ನ ಮೇಲೆ ಏನಾದರೂ ಸಿಟ್ಟಿದೆಯೋ, ಮೈಯಲ್ಲಿ ಆರಾಮ ಇಲ್ಲವೋ, ತಿಳಿಯದು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಮೊಣಕಾಲು ಚೆನ್ನಾಗಿದೆ. ಕೆಟ್ಟದ್ದು ಕಣ್ಣು. ಜನವರಿಯಲ್ಲಿ ಹುಬ್ಬಳ್ಳಿಯ ಡಾಕ್ಟರರು ನೋಡಿ, ಇದು ಪೊರೆಯಲ್ಲ, ಕೊಯ್ದು ತೆಗೆಯಲು ಬರುವುದಿಲ್ಲ, ಕಣ್ಣಿನ ನರವೇ ಒಣಗುತ್ತಿದೆ ಎಂದರು. ಹಾಕುವ ಹನಿಯಿಂದ ಸ್ವಲ್ಪ ತಡೆಯಬಹುದು, ನಿಲ್ಲಿಸಲಾಗದು ಎಂದರು. ಅಕ್ಕಪಕ್ಕದ್ದು ಆಗಲೇ ಹೋಗಿದೆ. ಬಿದಿರ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ, ಅದೂ ಅಂಗಳದ ಬಿಸಿಲಿನಲ್ಲಿ. ಅಕ್ಷರ ದಪ್ಪ ಬರೆದದ್ದು ನಿನಗಲ್ಲ, ನನಗೆ. ಸೈಕಲ್ಲು ಕೊಟ್ಟದ್ದೂ ಅದಕ್ಕೇ.

ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ. ನಾನೂ ಬಂದಿದ್ದರೆ ಕಾಡಿನ ಕತ್ತಲಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ನಿನಗೂ ನನ್ನ ಕೈ ಹಿಡಿದುಕೊಂಡು ನಡೆಯುವುದರಲ್ಲಿ ಏನೂ ಕಾಣುತ್ತಿರಲಿಲ್ಲ. ನಿನ್ನ ಕಣ್ಣಿನಿಂದ ನೋಡಿ, ನನಗೆ ಕಾಣುತ್ತಿರುವಷ್ಟರಲ್ಲೇ ಗೋಡೆಯನ್ನು ಸರಿ ಮಾಡಿ ಮುಗಿಸಬೇಕು ಎಂದುಕೊಂಡೆ. ಈಗ ಸರಿ ಇದೆ ಎಂದು ನೀನೇ ಹೇಳಿದ್ದೀ, ನೆಮ್ಮದಿಯಾಯಿತು. ಆದರೂ ಅದನ್ನೊಮ್ಮೆ ನನಗೆ ಕಾಣುವ ಹಾಗೆ ಬರೆ. ಅವಸರವಿಲ್ಲದೆ ಬರೆ. ನಾನು ಬಿಸಿಲಿಗೆ ಕೂತು ಓದುತ್ತೇನೆ.

ನಿನ್ನ
ಅಂದಪ್ಪ

*

ನೈರೋಬಿ
23 ಮೇ 1984

ನಮ್ಮ ಮನೆಯವರ ಪಾದಗಳಿಗೆ ಶರಣು ಶರಣಾರ್ಥಿ.

ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೀಲಗಂಗಾ ನಾಲ್ಕು ಹಾಳೆ ತಂದಿಟ್ಟಿದ್ದಾಳೆ. ಸಾಲದಿದ್ದರೆ ಇನ್ನೂ ತರುತ್ತಾಳೆ.

ನೀವು ಹುಬ್ಬಳ್ಳಿಯಿಂದ ಬಂದ ದಿನ ‘ಚಷ್ಮಾದ ನಂಬರ ಬದಲಾಗೇದ’ ಎಂದು ಹೇಳಿ ಎರಡು ರೊಟ್ಟಿ ಹೆಚ್ಚು ಉಂಡಿರಿ. ನಾನು ನಂಬಿದೆ. ಇಷ್ಟು ವರ್ಷ ಜೊತೆಗಿದ್ದು ನಿಮ್ಮ ಮುಖ ಓದಲು ಬರಲಿಲ್ಲವಲ್ಲ ಎಂದು ಎರಡು ದಿನ ಅತ್ತೆ. ನಿಮ್ಮ ಮೇಲೆ ಸಿಟ್ಟೂ ಬಂತು. ಅದನ್ನು ಊರಿಗೆ ಬಂದು ಎದುರಿಗೇ ಬೈಯುತ್ತೇನೆ, ಕಾಗದದ ಮೇಲೆ ಬೈದರೆ ನನಗೆ ಸಮಾಧಾನವಾಗುವುದಿಲ್ಲ.

ಈಗ ಮೊದಲ ಮಾತು. ವಾರ್ನಿಷ್ ಹೊಡೆಸಬೇಡಿರಿ. ನಾನು ಆ ಪತ್ರ ಬರೆದಾಗ ಗೊರಿಲ್ಲಾವನ್ನು ನೋಡಿರಲಿಲ್ಲ.

ಆದದ್ದು ಹೀಗೆ. ಆ ದಿನ ಬೆಳಗ್ಗೆ ಗುಡ್ಡದ ಬುಡದಲ್ಲಿ ನಮ್ಮವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೈಡು ಕಟ್ಟಳೆ ಹೇಳಿದ. ಮಾತಾಡಬಾರದು, ಬೆರಳು ಮಾಡಬಾರದು, ಹತ್ತಿರ ಬಂದರೆ ಕೂತುಬಿಡಬೇಕು, ಕಣ್ಣಿಗೆ ಕಣ್ಣು ಕೊಡಬಾರದು. ನೆಗಡಿ, ಕೆಮ್ಮು ಇದ್ದವರು ಕಾಡಿನೊಳಗೆ ಬರುವಂತೆಯೇ ಇಲ್ಲ, ನಮ್ಮ ಸಾದಾ ನೆಗಡಿ ತಗಲಿದರೆ ಅವು ಸತ್ತೇಹೋಗಬಹುದು ಎಂದ. ಅಳಿಯಂದಿರು ಅದನ್ನೆಲ್ಲ ಮಗಳಿಗೆ ಹೇಳುತ್ತಿದ್ದರು. ಅವರ ಮಾತು ನನ್ನ ಕಿವಿಗೆ ಬೀಳಲಿಲ್ಲ, ಮಗಳು ಆಮೇಲೆ ಹೇಳಿದ್ದು. ನಾನು ಆಗ ಜೀಪಿನ ಹಿಂದೆ ಇದ್ದೆ. ಆ ಚಳಿಗೆ ಒಂದು ಚಿಟಿಕೆ ಏರಿಸದೆ ಗುಡ್ಡ ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ.

ಬಂದು ಸಾಲಿನಲ್ಲಿ ನಿಂತವಳು ಸೀನತೊಡಗಿದೆ. ಒಂದರ ಹಿಂದೆ ಒಂದು. ಗೈಡು ಓಡಿ ಬಂದು ನನ್ನ ಮೂಗು, ಕಣ್ಣು ನೋಡಿ ತಲೆ ಅಲ್ಲಾಡಿಸಿದ. ನೀರು ಸುರಿಯುತ್ತಿತ್ತು ನೋಡಿರಿ, ಅವನ ತಪ್ಪೇನು? ತಪಕೀರು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಾಜೂಕ್ಕೆ ಅಳಿಯಂದಿರು ನಿಂತಿದ್ದರು. ಸೆರಗಿನ ಗಂಟಿನಲ್ಲಿದ್ದ ಡಬ್ಬಿಯನ್ನು ಇನ್ನೂ ಒಳಗೆ ತುರುಕಿದೆ. ಅವರು ತಮ್ಮ ಸ್ವೆಟರು ತೆಗೆದು ನನಗೆ ಹೊದಿಸಿ, “ಅತ್ತಿಯವರ, ಇವತ್ತ ಇಲ್ಲೇ ಬೆಚ್ಚಗ ಕೂಡ್ರಿ” ಎಂದರು. ಎಲ್ಲರೂ ಹೋದರು. ನಾನು ಡ್ರೈವರನ ಜೊತೆ ಜೀಪಿನಲ್ಲಿ ಕೂತೆ.

ಸಂಜೆ ಬಂದ ಮೇಲೆ ಮಗಳನ್ನೂ ಅಳಿಯಂದಿರನ್ನೂ ಕೇಳಿದೆ. ಗೊರಿಲ್ಲಾಗಳು ತುರಚಿ ಪೊದೆಯಲ್ಲಿ ಕೂತು ಮೇಯುತ್ತಿದ್ದವಂತೆ. ತಲೆ ಕಂಡಿತು, ಬೆನ್ನು ಕಂಡಿತು, ಒಂದೂ ಎದ್ದು ನಡೆಯಲಿಲ್ಲ ಎಂದರು. ಅಷ್ಟರಲ್ಲಿ ಟಪಾಲಿನವರು ಬಂದು ನಿಂತರು. ನೀವು ಕಾಯುತ್ತಿದ್ದೀರಿ. ಮಂಗ ಎಂದ ಮೇಲೆ ಎಲ್ಲ ಕಡೆಗೂ ಒಂದೇ, ಬಾದಾಮಿಯಲ್ಲಿ ಅಂಗೈ ಊರುವುದು ಇಲ್ಲಿ ಬೇರೆ ಏನು ಊರೀತು ಎಂದುಕೊಂಡು ಬರೆದುಕೊಟ್ಟೆ. ನಿಮಗೆ ಸಂತೋಷವಾಗಲಿ ಎಂದು ಬರೆದೆ.

ಕೊಟ್ಟ ಮೇಲೆ ಊಟ ಸೇರಲಿಲ್ಲ. ನೀವು ಒಬ್ಬರೇ ನನ್ನ ಮಾತನ್ನು ಎಂದೂ ಮರುಪರೀಕ್ಷೆ ಮಾಡದವರು. ಅಂಥವರಿಗೆ ನೋಡದೆ ಸಾಕ್ಷಿ ಹೇಳಿದೆನಲ್ಲ.

ಮರುದಿನ ಒಂದು ಚಿಟಿಕೆಯೂ ಏರಿಸದೆ ಹೋದೆ. ಗೈಡು ನನ್ನನ್ನು ಗುರುತು ಹಿಡಿದ. ನಿನ್ನೆ ನೆಗಡಿ ಇದ್ದವರಿಗೆ ಇಂದೂ ಬಿಡಲಾಗದು ಎಂದ. ಅಳಿಯಂದಿರು ಅವನ ಮುಂದೆ ಕೈ ಮುಗಿಯುವುದೊಂದು ಉಳಿದಿತ್ತು. ನನ್ನ ಸಲುವಾಗಿ ಅವರು ಅಷ್ಟು ಬೇಡಿಕೊಳ್ಳುವುದನ್ನು ನೋಡಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದು ಅವರ ಮುಂದೆಯೇ ಹಿಡಿದೆ.

“ಅಳಿಯಾರ, ನನಗ ನೆಗಡಿ ಆಗಿಲ್ಲ. ನಾ ಮೂಗಿಗೆ ತಪಕೀರ ಏರಸ್ತೇನಿ. ಇವರಿಗೆ ಹೇಳ್ರಿ.”

ಅಳಿಯಂದಿರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಆಮೇಲೆ ಅವರು ಮೆಲ್ಲಗೆ, “ನಮ್ಮವ್ವನೂ ಏರಸ್ತಾಳ್ರಿ, ಅತ್ತಿಯವರ. ನಿಮಗ ಗೊತ್ತಾಗಬಾರದು ಅಂತ ನನ್ನ ಕಡೆ ಆಣಿ ಮಾಡಿಸ್ಯಾಳ” ಎಂದರು. ಆ ಬೀಗತಿ! ನನ್ನ ಮುಂದೆ ಯಾವಾಗಲೂ ಮೂಗಿನ ಮೇಲೆ ಸೆರಗು ಹಿಡಿದುಕೊಂಡು ಮಾತಾಡುತ್ತಿದ್ದದ್ದು ಯಾಕೆ ಎಂದು ಈಗ ತಿಳಿಯಿತು. ನಾನೂ ಅಳಿಯಂದಿರೂ ನಕ್ಕೆವು. ಈಗ ಮನೆಯಲ್ಲಿ ದಿನಾ ಮಾತಾಡುತ್ತೇವೆ.

ಗೈಡು ಸುಲಭಕ್ಕೆ ನಂಬಲಿಲ್ಲ. ಡಬ್ಬಿ ಮೂಸಿ ತಾನೂ ಸೀನಿದ. ಕತ್ತಿ ಹಿಡಿದು ದಾರಿ ಸವರುವ ಮುದುಕನೊಬ್ಬ ನನ್ನ ಕೈಯಿಂದ ಒಂದು ಚಿಟಿಕೆ ತೆಗೆದುಕೊಂಡು, ಏರಿಸಿ, ಕಣ್ಣು ಮುಚ್ಚಿ ನಿಂತು, ತಮ್ಮ ಭಾಷೆಯಲ್ಲಿ ಗೈಡಿಗೆ ಏನೋ ಹೇಳಿದ. ಅವರ ಊರಿನಲ್ಲೂ ಹಿರಿಯರು ಇಂಥದ್ದನ್ನು ಏರಿಸುತ್ತಾರಂತೆ. ಆದರೂ ಗೈಡು ನನ್ನನ್ನು ಕಲ್ಲಿನ ಮೇಲೆ ಕೂಡಿಸಿ, ಬಹಳ ಹೊತ್ತು ನನ್ನ ಮೂಗನ್ನೇ ಕಾದು, ಒಂದು ಸೀನೂ ಬಾರದ ಮೇಲೆ ಬಿಟ್ಟ. ಡಬ್ಬಿಯನ್ನು ಡ್ರೈವರನ ಹತ್ತಿರ ಇಡಬೇಕಾಯಿತು.

ಕಚ್ಚೆ ಹಾಕಿ ಗುಡ್ಡ ಹತ್ತಿದೆ. ಮೊದಲು ಬಿದಿರು, ಆಮೇಲೆ ಎದೆಮಟ್ಟದ ತುರಚಿ, ಕಾಲು ಇಟ್ಟಲ್ಲಿ ಕೆಸರು. ಆ ಮುದುಕ ನನಗೆ ಒಂದು ಕೋಲು ಕಡಿದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗೈಡು ಕೈ ಎತ್ತಿದ. ಕೊಂಬೆ ಮುರಿಯುವ ಸಪ್ಪಳ, ಹಸಿ ಮೈಯ ವಾಸನೆ. ಪೊದೆಯಲ್ಲಿ ಕೂಸು ಕಟ್ಟಿಕೊಂಡ ತಾಯಿಯೊಂದು ಎಲೆ ತಿನ್ನುತ್ತಿತ್ತು. ನೋಡುತ್ತಿದ್ದಂತೆ ಮೇಲಿನಿಂದ ಯಜಮಾನ ಇಳಿದು ಬಂದ. ಬೆನ್ನೆಲ್ಲ ನರೆತು ಬೆಳ್ಳಿಯ ಬಣ್ಣ. ಅವನಿಗೆ ನಾವು ನಿಂತ ದಾರಿಯನ್ನೇ ದಾಟಬೇಕಾಗಿತ್ತು.

ಗೈಡು ನನ್ನ ಭುಜ ಒತ್ತಿದ. ಯಾರೂ ಕಲಿಸಬೇಕಾಗಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಲ್ಲೇ ಕೂತು ಮುಖ ಕೆಳಗೆ ಹಾಕಿದೆ. ನಿಮ್ಮ ತಂದೆಯವರು ಪಡಸಾಲೆಗೆ ಬಂದಾಗ ಹೇಗೆ ಕೂಡುತ್ತಿದ್ದೆನೋ ಹಾಗೆ. ಎಲ್ಲರಿಗಿಂತ ಚಲೋ ಕೂತವಳು ಈಕೆ ಎಂದು ಗೈಡು ಆಮೇಲೆ ಹೊಗಳಿದನಂತೆ. ಮದುವೆಯಾದಂದಿನಿಂದ ಮಾಡುತ್ತ ಬಂದದ್ದು, ಅವನಿಗೇನು ಗೊತ್ತು?

ಆದ್ದರಿಂದ ಅದರ ಮುಖವನ್ನು ನಾನು ನೋಡಲಿಲ್ಲ. ಕೆಳಗೆ ನೋಡುತ್ತ ಕೂತವಳಿಗೆ ಕಂಡದ್ದು ಕೈ ಮಾತ್ರ. ನನ್ನಿಂದ ಎರಡು ಮಾರು ದೂರದಲ್ಲಿ ಒಂದು ಕೈ ಬಂದು ನೆಲಕ್ಕೆ ಊರಿತು, ಇನ್ನೊಂದು ಬಂದು ಅದರ ಮುಂದೆ ಊರಿತು.

ಅಂಗೈ ಅಲ್ಲ. ಅಲ್ಲಾಸಾಬ ಹೇಳಿದ್ದೇ ಖರೆ. ಆದರೆ ಗುದ್ದುವ ಮುಷ್ಟಿಯೂ ಅಲ್ಲ. ಬೆರಳುಗಳನ್ನು ಒಳಗೆ ಮಡಚಿ, ನಡುವಿನ ಗೆಣ್ಣುಗಳ ಬೆನ್ನನ್ನು ನೆಲಕ್ಕೆ ಕೊಡುತ್ತದೆ. ಹೋಳಿಗೆಯ ಕಣಕ ನಾದುವಾಗ ನಾನು ಗೆಣ್ಣು ಊರಿ ಭಾರ ಹಾಕುತ್ತೇನಲ್ಲ, ಹಾಗೆ. ಹೆಬ್ಬೆರಳು ನೆಲ ಮುಟ್ಟುವುದಿಲ್ಲ, ಸಣ್ಣದು, ಪಕ್ಕಕ್ಕೆ ಎತ್ತಿಕೊಂಡಿರುತ್ತದೆ. ಮಣಿಕಟ್ಟು ಬಾಗುವುದಿಲ್ಲ, ಕಂಬದ ಹಾಗೆ ನೆಟ್ಟಗೆ. ಗೆಣ್ಣುಗಳ ಮೇಲೆ ಕೂದಲಿಲ್ಲ, ದಪ್ಪ ಕರಿ ತೊಗಲು. ಅಷ್ಟು ದೊಡ್ಡ ಮೈಯ ಭಾರವೆಲ್ಲ ಬಂದರೂ ಕೈ ನಡುಗಲಿಲ್ಲ, ಮೆತ್ತಗೆ ಊರಿ ಮೆತ್ತಗೆ ಎತ್ತಿತು.

ಅದು ಹೋದ ಮೇಲೆ ಕೆಸರಿನಲ್ಲಿ ನಾಲ್ಕು ಗುಳಿ ಉಳಿದವು. ನಾನು ಕೈ ಮಡಚಿ ಅವುಗಳಲ್ಲಿ ಇಟ್ಟು ನೋಡಿದೆ. ನನ್ನ ನಾಲ್ಕೂ ಗೆಣ್ಣು ಕೂಡಿ ಎರಡು ಗುಳಿ ತುಂಬಿದವು. ಇನ್ನೂ ಬೆಚ್ಚಗಿದ್ದ ಹಾಗೆ ಅನಿಸಿತು. ಆಗ ನನಗೆ ಅಳು ಬಂತು. ಇದನ್ನು ನೋಡಬೇಕಾದವರು ನೀವು.

ಇಳಿದು ಬಂದಾಗ ಸುಳ್ಳಿನ ಪತ್ರ ಪಟ್ಟಣ ಮುಟ್ಟಿಯಾಗಿತ್ತು. ಅದರ ಬೆನ್ನಿಗೇ ಇನ್ನೊಂದು ಬರೆಯಲು ಕೂತೆ, ನಾಚಿಕೆಯಾಗಿ ಹರಿದೆ. ಜೂನಿನಲ್ಲಿ ಎದುರಿಗೆ ಹೇಳಿದರಾಯಿತು, ಕುಂಚ ಹಿಡಿದರೆ ಒಂದು ಗಳಿಗೆಯ ಕೆಲಸ ಎಂದುಕೊಂಡೆ. ನಿಮಗೆ ಅಷ್ಟು ಸಮಯವಿಲ್ಲ ಎಂದು ನನಗೇನು ಗೊತ್ತಿತ್ತು? ನೀವು ಕಣ್ಣಿನ ಸುದ್ದಿ ಮುಚ್ಚಿಟ್ಟಿರಿ, ನಾನು ಇದನ್ನು ಮುಚ್ಚಿಟ್ಟೆ. ನನ್ನ ತಪ್ಪು ದೊಡ್ಡದು. ಇದು ಮುಟ್ಟಿದ ಕೂಡಲೆ ಶಾಲೆಗೆ ಹೋಗಿರಿ.

28ನೆಯ ಜೂನಿಗೆ ಮುಂಬಯಿ ಮುಟ್ಟುತ್ತೇನೆ. ಅಲ್ಲಿಂದ ರೈಲು. ಕಣ್ಣಿಗೆ ಹನಿ ತಪ್ಪಿಸಬೇಡಿರಿ.

ನಿಮ್ಮ
ಶಿವಲಿಂಗವ್ವ

*

ಹುನಗುಂದ
8 ಜೂನ್ 1984

ಚಿ. ಸೌ. ಶಿವಲಿಂಗವ್ವನಿಗೆ ಆಶೀರ್ವಾದಗಳು.

ಸಾಲಿನ ಕೆಳಗೆ ಫೂಟಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಒಂದರ ಮೇಲೆ ಒಂದು ಹತ್ತಿದ್ದರೆ ನೀಲಗಂಗಾಳಿಂದ ಓದಿಸಿಕೋ.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಗುರುಲಿಂಗವ್ವನ ರೊಟ್ಟಿಯನ್ನು ತಿರುಗಿ ಕಳಿಸಿದೆ. ಮೂರನೆಯ ದಿನ ಹಸಿವಾಯಿತು, ನಿನ್ನ ಪತ್ರವನ್ನೂ ಮತ್ತೊಮ್ಮೆ ತೆಗೆದೆ. ನನ್ನ ಕಣ್ಣಿನ ಸುದ್ದಿ ಮುಚ್ಚಿಟ್ಟವನು ನಾನು, ನಿನ್ನ ಮೇಲೆ ಯಾವ ಮುಖದಿಂದ ಸಿಟ್ಟು ಮಾಡಲಿ? ಅಳಿಯನ ಎದುರಿಗೆ ಡಬ್ಬಿ ತೆಗೆದು ಹಿಡಿದೆಯಲ್ಲ, ಅದು ನಿನಗೆ ಎಷ್ಟು ಕಷ್ಟ ಎಂದು ಬಲ್ಲವನು ನಾನೊಬ್ಬನೇ. ಎದೆ ತುಂಬಿ ಬಂತು, ಶಿವಲಿಂಗಿ.

ಅಲ್ಲಾಸಾಬನಿಗೆ ಸೋಲು ಒಪ್ಪಿಕೊಂಡೆ. ನಾನು ತಿಂದ ಕರದಂಟು ಅವನದೇ ಎಂದು ನಾಲ್ಕು ಮಂದಿಯ ಮುಂದೆ ಹೇಳಿಸಿಕೊಂಡ. ಆದರೆ ಗೆದ್ದವನ ಹಾಗೆ ಕುಣಿಯಲಿಲ್ಲ. ನಿನ್ನ ಪತ್ರವನ್ನು ಎರಡನೆಯ ಸಲ ಅವನೇ ಓದಿ ಹೇಳಿದ್ದು, ಕಣ್ಣಿನ ಸುದ್ದಿ ಅವನಿಗೂ ಆಗಲೇ ತಿಳಿದದ್ದು.

ವಾರ್ನಿಷ್ ಹೊಡೆದಾಗಿತ್ತು. ಹೆಡ್ ಮಾಸ್ತರರ ಕೈಕಾಲು ಹಿಡಿದು ಒಪ್ಪಿಸಿ, ನಾವಿಬ್ಬರೂ ಕೂತು ಆ ಎರಡು ಕೈಗಳನ್ನು ಮಾತ್ರ ಹೆರೆದು ತೆಗೆದೆವು. ಈಗ ನನ್ನ ಗೊರಿಲ್ಲಾ ಕೈ ಇಲ್ಲದೆ ನಿಂತಿದೆ. ಶಾಲೆ ಸುರುವಾಗಿದೆ, ಮಕ್ಕಳು ದಿನಾ ಕೇಳುತ್ತಾರಂತೆ. ಅಲ್ಲಾಸಾಬ ಕುಂಚ ಹಿಡಿದು, “ಹೇಳ್ರಿ ಮಾಸ್ತರ, ನಾ ತೆಗೀತೇನಿ” ಎಂದ. ಬೇಡ ಎಂದೆ. ನಾನೇ ಸುರು ಮಾಡಿದ್ದು, ನಾನೇ ಮುಗಿಸಬೇಕು. ನಿನ್ನೆ ಸೀಮೆಸುಣ್ಣದಿಂದ ಗೆರೆ ಹಾಕಿ ನೋಡಿದೆ. ಗೆಣ್ಣು ಮಡಚುವಲ್ಲಿ ತಪ್ಪುತ್ತದೆ. ನೀನು ಬರೆದದ್ದೆಲ್ಲ ತಿಳಿಯುತ್ತದೆ, ಕೈಗೆ ಬರುವುದಿಲ್ಲ. ಬಿಸಿಲಿದ್ದಾಗಲೂ ಕೊಳವೆ ಈಗ ಸಣ್ಣದಾಗಿದೆ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ನಿನ್ನ ಕೈಯನ್ನು ನಾನು ಕಣ್ಣಿಲ್ಲದೆಯೂ ಬಲ್ಲೆ. ಯಾವ ಗೆಣ್ಣು ಎಲ್ಲಿ ಎದ್ದಿದೆ, ಯಾವ ಬೆರಳಿಗೆ ಈಳಿಗೆಯ ಗಾಯವಿದೆ, ಎಲ್ಲ ಗೊತ್ತಿದೆ. ನೀನು ಬಂದು ಆ ಕೆಸರಿನಲ್ಲಿ ಊರಿದ ಹಾಗೆಯೇ ಕೈ ಮಡಚಿ ಗೋಡೆಯ ಮೇಲೆ ಊರಬೇಕು. ನಾನು ಒಂದು ಕೈಯಿಂದ ಅದನ್ನು ಸವರುತ್ತ ಇನ್ನೊಂದರಿಂದ ಗೆರೆ ಎಳೆಯುತ್ತೇನೆ. ಎರಡು ಪಟ್ಟು ದೊಡ್ಡದು ಮಾಡುವುದು ನನಗೆ ಬಿಟ್ಟದ್ದು. ಕರಿ ಬಣ್ಣ ಕಲಸಿ ಮುಚ್ಚಿಟ್ಟಿದ್ದೇವೆ.

ಬಾಗಲಕೋಟೆಯಲ್ಲಿ ರೈಲು ಇಳಿದು ಹುನಗುಂದದ ಬಸ್ಸು ಹತ್ತು. ಬಂದವಳು ಮನೆಗೆ ಹೋಗಬೇಡ, ಗಂಟುಮೂಟೆ ಹೊತ್ತುಕೊಂಡೇ ನೆಟ್ಟಗೆ ಶಾಲೆಗೆ ಬಾ. ಬೈಯುವುದನ್ನು ಸಂಜೆಗೆ ಇಟ್ಟುಕೋ. ನಾನು ಗೋಡೆಯ ಹತ್ತಿರ ಕೂತಿರುತ್ತೇನೆ. ನೀನು ಬಂದರೂ ನಾನು ಎದ್ದೇಳದಿದ್ದರೆ ನನಗೆ ಕಾಣಲಿಲ್ಲ ಎಂದು ತಿಳಿದು ನೀನೇ ಬಂದು ನನ್ನ ಕೈ ಹಿಡಿ.

ನಿನ್ನ
ಅಂದಪ್ಪ